‘ತೈಲಕ್ಕಾಗಿ’ ಅನ್ನಬಹುದೇ? ಅಂತರ್ಯುದ್ಧದ ಪಾಠದ ಕೆಲವು ಪದಗಳು

ಪ್ರಶ್ನೆ, ಬದಿಯಡ್ಕದಿಂದ

ಎಲ್ಲರಿಗೂ ನಮಸ್ಕಾರ. ಪ್ಲಸ್ ಟು ಕನ್ನಡ ಮಾಧ್ಯಮದ ಮಕ್ಕಳಿಗಾಗಿ ರಾಜ್ಯಶಾಸ್ತ್ರದ ಒಂದು ಟಿಪ್ಪಣಿ ಮಲಯಾಳದಿಂದ ಕನ್ನಡಕ್ಕೆ ಬರುತ್ತಾ ಉಂಟು. ಒಂದು ದೇಶದ ಒಳಗಿನ ಯುದ್ಧಕ್ಕೆ ಹೊರಗಿನವರು ಇಳಿಯುವುದರಲ್ಲಿ ಎಣ್ಣೆ, ಗ್ಯಾಸಿನ ಪಾತ್ರವೇನು ಎಂಬುದು ವಿಷಯ. ಮೂಲದಲ್ಲಿ ‘ಆಭ್ಯಂತರಯುದ್ಧಂ’, ‘ಇಡಪೆಡಲ್’ (ನಡುವೆ ಇಳಿಯುವುದು), ‘ತಾಲ್ಪರ್ಯಂ’ ಎಂಬ ಮೂರು ಪದಗಳು ಪುಟಪುಟಕ್ಕೂ ಬರುತ್ತವೆ. ಸದ್ಯಕ್ಕೆ ಮೊದಲ ವಾಕ್ಯ ಹೀಗುಂಟು: ‘ತೈಲಕ್ಕಾಗಿ ವಿದೇಶಗಳು ಅಂತರ್ಯುದ್ಧಗಳಲ್ಲಿ ಹಸ್ತಕ್ಷೇಪ ಮಾಡುತ್ತವೆ.’

ಹಸ್ತಕ್ಷೇಪ, ಮಧ್ಯಪ್ರವೇಶ, ಮಧ್ಯಸ್ಥಿಕೆ ಮೂರೂ ಪತ್ರಿಕೆಗಳಲ್ಲಿ ಒಂದೇ ಅರ್ಥದಲ್ಲಿ ಕಾಣುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು? ‘ತೈಲ ಹಿತಾಸಕ್ತಿ’ ಅಂದರೆ ಮಕ್ಕಳಿಗೆ ತಿಳಿದೀತೇ? ‘ಫೋರ್ಸ್ ಮಜೂರ್’ ಎಂಬುದಕ್ಕೆ ಕನ್ನಡ ಉಂಟಾ?

ಉತ್ತರ, ಕುಂಬಳೆಯಿಂದ

ಟೀಚರೇ, ಮೊದಲು ನೆರೆಮನೆಯ ಪದಗಳ ಬಗ್ಗೆ ಎರಡು ಎಚ್ಚರಿಕೆ. ಮಲಯಾಳದ ‘ಆಭ್ಯಂತರ’ ಅಂದರೆ ಒಳಗಿನದು. ಕನ್ನಡದಲ್ಲಿ ‘ಅಭ್ಯಂತರ’ ಅಂದರೆ ಆಕ್ಷೇಪ, ‘ನನ್ನ ಅಭ್ಯಂತರವೇನೂ ಇಲ್ಲ’ ಎನ್ನುವ ಹಾಗೆ. ನಮ್ಮ ಜಿಲ್ಲೆಯ ಅನುವಾದಗಳಲ್ಲಿ ‘ಆಭ್ಯಂತರ ಇಲಾಖೆ’ ಎಂದು ನುಸುಳುವುದು ಇಲ್ಲಿಂದಲೇ. ಹಾಗೆಯೇ ಮಲಯಾಳದ ‘ತಾಲ್ಪರ್ಯಂ’ ಆಸಕ್ತಿ, ನಮ್ಮ ‘ತಾತ್ಪರ್ಯ’ ಸಾರಾಂಶ. ‘ವಿದೇಶಗಳ ತೈಲ ತಾತ್ಪರ್ಯ’ ಎಂದು ಅಚ್ಚಾದರೆ ಓದುವವರಿಗೆ ಬರೀ ನಗು.

‘ಅಂತರ್ಯುದ್ಧ’ ಸರಿಯಾಗಿಯೇ ಉಂಟು, ಬಿಡಬೇಡಿ. ‘ನಾಗರಿಕ ಯುದ್ಧ’ ಎಂದು ಕೆಲವರು ಬರೆಯುವುದು ಇಂಗ್ಲಿಷಿನ ನಕಲು. ನಾಗರಿಕತೆಗೂ ಅದಕ್ಕೂ ಏನೂ ನಂಟಿಲ್ಲ.

ಉಳಿದ ಮೂರನ್ನು ಲಿಬಿಯಾದ ಮೇಲಿಟ್ಟು ನೋಡಿ. ಎರಡೂ ಪಕ್ಷಗಳನ್ನು ಮೇಜಿಗೆ ಕೂರಿಸಿ ವಿಶ್ವಸಂಸ್ಥೆ ಮಾಡುವುದು ಮಧ್ಯಸ್ಥಿಕೆ. ತುರ್ಕಿಯ ಸಂಸತ್ತು 2020ರ ಜನವರಿ 2ರಂದು ಸೇನೆ ಕಳಿಸಲು ಒಪ್ಪಿಗೆ ಕೊಟ್ಟಿತಲ್ಲ, ಅದು ಮಧ್ಯಪ್ರವೇಶ. ಕರೆದದ್ದು ಟ್ರಿಪೋಲಿಯ ಸರಕಾರ. ಅದರ ಬಾಯಲ್ಲಿ ಅದೇ ‘ನೆರವು’. ಎದುರಿದ್ದ, ಪೂರ್ವ ಲಿಬಿಯಾದ ಸೇನಾನಾಯಕ ಹಫ್ತರ್ ಪಕ್ಷದ ಬಾಯಲ್ಲಿ ‘ಹಸ್ತಕ್ಷೇಪ’. ಕೈ ಹಾಕಬಾರದಲ್ಲಿ ಕೈ ಹಾಕಿದರು ಎಂಬ ದೂರು ಆ ಪದದೊಳಗೇ ಕೂತಿದೆ. ಪಾಠದಲ್ಲಿ ನಿಮ್ಮ ಮಾತಾಗಿ ಬರುವಲ್ಲಿ ‘ಮಧ್ಯಪ್ರವೇಶ’ ಇರಲಿ. ‘ಹಸ್ತಕ್ಷೇಪ’ ಯಾರಾದರೂ ಆರೋಪಿಸಿದಲ್ಲಿ ಮಾತ್ರ.

ಉತ್ತರ, ಮಂಜೇಶ್ವರದಿಂದ

ಕುಂಬಳೆಯವರು ಹೇಳಿದ್ದಕ್ಕೆ ತಕರಾರಿಲ್ಲ. ಆದರೆ ಆ ವಾಕ್ಯದ ರೋಗ ‘ಹಸ್ತಕ್ಷೇಪ’ದಲ್ಲಿಲ್ಲ, ‘ಕ್ಕಾಗಿ’ಯಲ್ಲಿದೆ. ‘ಅಕ್ಕಿಗಾಗಿ ರೇಷನ್ ಅಂಗಡಿಗೆ ಹೋದ’ ಅಂದರೆ ಅಕ್ಕಿ ತರುವುದೇ ಉದ್ದೇಶ. ‘ತೈಲಕ್ಕಾಗಿ ಯುದ್ಧಕ್ಕೆ ಇಳಿದರು’ ಅಂದರೆ ಎಣ್ಣೆ ಹೊತ್ತುಕೊಂಡು ಹೋಗಲು ಬಂದರು ಎಂದಾಗುತ್ತದೆ. ನಡೆಯುವುದು ಹೆಚ್ಚಾಗಿ ಹಾಗಲ್ಲ. ಯಾವ ಪಕ್ಷ ಗೆದ್ದರೂ ಎಣ್ಣೆ ಮಾರಲೇಬೇಕು, ಅದನ್ನು ಕುಡಿಯಲಿಕ್ಕಾಗುವುದಿಲ್ಲ. ಹೊರಗಿನವರ ತಲೆಬಿಸಿ ಬೇರೆ: ಗುತ್ತಿಗೆಗೆ ಸಹಿ ಯಾರದ್ದು, ರಾಜಧನ (ರಾಯಲ್ಟಿ) ಯಾವ ಖಜಾನೆಗೆ, ಪೈಪಿನಲ್ಲಿ ಎಣ್ಣೆ ಹರಿಯುತ್ತಾ ಇರುತ್ತದೋ ಇಲ್ಲವೋ.

ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವ ಲೆಕ್ಕಾಚಾರವೊಂದುಂಟು. ಬೋವೆ, ಗ್ಲೆಡಿಟ್ಷ್, ಸೆಕೆರಿಸ್ ಎಂಬ ಮೂವರು ಸಂಶೋಧಕರು 1945ರಿಂದ 1999ರವರೆಗೆ ಅಂತರ್ಯುದ್ಧ ಕಂಡ 69 ದೇಶಗಳನ್ನು ನೋಡಿದರು. ಯುದ್ಧಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಹೊರಗಿನವರು ಇಳಿದಿದ್ದರು. ಯುದ್ಧ ನಡೆಯುವ ದೇಶದಲ್ಲಿ ಎಣ್ಣೆ ಹೆಚ್ಚಿದ್ದಷ್ಟು, ಹೊರಗಿನ ದೇಶ ಆಮದು ಎಣ್ಣೆಯನ್ನು ನೆಚ್ಚಿಕೊಂಡಷ್ಟು ಇಳಿಯುವ ಸಂಭವ ಜಾಸ್ತಿ ಎಂದು ಅವರು ಕಂಡರು. ಗಮನಿಸಿ, ಅವರು ಹೇಳಿದ್ದು ‘ಸಂಭವ’. ಅದನ್ನು ಕನ್ನಡಕ್ಕೆ ತರುವಾಗ ‘ಕ್ಕಾಗಿ’ ಹಚ್ಚಿದರೆ ಸಂಭವವನ್ನು ಉದ್ದೇಶವಾಗಿ ತಿರುಚಿದ ಹಾಗೆ. ‘ತೈಲವಿದ್ದಲ್ಲಿ’ ಎಂಬ ಸಪ್ತಮಿಯೇ ಅಲ್ಲಿ ಪ್ರಾಮಾಣಿಕ.

ನಮ್ಮ ವಿಭಕ್ತಿಗಳು ಈ ಕೆಲಸಕ್ಕೆ ಎಷ್ಟು ಚೆನ್ನಾಗಿ ಒದಗುತ್ತವೆ ನೋಡಿ.

ಬಿಯಾಫ್ರಾ, 1967. ನೈಜೀರಿಯಾದ ಪೂರ್ವ ಭಾಗ ಮೇ 30ರಂದು ಬೇರೆ ದೇಶವೆಂದು ಘೋಷಿಸಿಕೊಂಡಿತು. ಎಣ್ಣೆಯ ಬಹುಪಾಲು ಬಾವಿಗಳು, ಬಾನಿ ಎಂಬ ರಫ್ತು ಬಂದರು ಅದು ತನ್ನದೆಂದ ನೆಲದಲ್ಲಿದ್ದವು. ಶೆಲ್-ಬಿಪಿ ಕಂಪೆನಿ ರಾಜಧನ ಯಾರಿಗೆ ಕೊಡಬೇಕು? ಬಿಯಾಫ್ರಾ ತನಗೆ ಕೊಡೆಂದಿತು. ಕಂಪೆನಿ ಸಾಂಕೇತಿಕವಾಗಿ ಸ್ವಲ್ಪ ಕೊಡಲು ಒಪ್ಪಿತು. ಲಾಗೋಸ್ ಸರಕಾರ, ಅಂದರೆ ನೈಜೀರಿಯಾದ ಕೇಂದ್ರ ಸರಕಾರ, ತಾನು ಹಾಕಿದ್ದ ನೌಕಾ ದಿಗ್ಬಂಧನವನ್ನು ಎಣ್ಣೆ ಹಡಗುಗಳಿಗೂ ವಿಸ್ತರಿಸಿತು, ಜುಲೈಯಲ್ಲಿ ಬಾನಿಯನ್ನೇ ಹಿಡಿಯಿತು. ಅದೇ ಜೂನಿನಲ್ಲಿ ಸೂಯೆಜ್ ಕಾಲುವೆ ಮುಚ್ಚಿದ್ದರಿಂದ ನೈಜೀರಿಯಾದ ಎಣ್ಣೆ ಬ್ರಿಟನ್ನಿಗೆ ಇನ್ನಷ್ಟು ಬೇಕಾಗಿತ್ತು. ಬ್ರಿಟನ್ ಲಾಗೋಸಿಗೆ ಶಸ್ತ್ರ ಕೊಡುತ್ತಲೇ ಹೋಯಿತು, ಫ್ರಾನ್ಸ್ ಗುಟ್ಟಾಗಿ ಬಿಯಾಫ್ರಾಕ್ಕೆ. ಇಲ್ಲಿ ಸರಿಹೊಂದುವುದು ‘ತೈಲದ ದೆಸೆಯಿಂದ’. ನಮ್ಮ ವ್ಯಾಕರಣದ ಪಂಚಮಿಯನ್ನು ಶಾಲೆ ಬಿಟ್ಟ ಮೇಲೆ ಯಾರೂ ಬಳಸುವುದಿಲ್ಲವಲ್ಲ, ಇಲ್ಲಿ ಬಳಸಿ.

ಅಂಗೋಲಾಕ್ಕೆ ಬೇಕಾದದ್ದು ತೃತೀಯೆ: ‘ತೈಲದಿಂದ’. ಅಲ್ಲಿನ ಕಬಿಂಡಾ ಪ್ರಾಂತ್ಯದ ಬಾವಿಗಳು ಅಮೆರಿಕದ ಗಲ್ಫ್ ಆಯಿಲ್ ಕಂಪೆನಿಯದ್ದು, 1984ರ ವಿಲೀನದ ಬಳಿಕ ಶೆವ್ರಾನಿನದ್ದು. ಆ ಕಂಪೆನಿ ಕಟ್ಟುವ ತೆರಿಗೆಯಿಂದ ಎಂಪಿಎಲ್‌ಎ ಸರಕಾರದ ಯುದ್ಧ ನಡೆಯಿತು. ಬಾವಿಗಳನ್ನು ಕಾದವರು ಕ್ಯೂಬಾದ ಸೈನಿಕರು. 1985ರ ಮೇಯಲ್ಲಿ ಅಲ್ಲಿನ ಎಣ್ಣೆಸ್ಥಾವರವನ್ನು ಸ್ಫೋಟಿಸಲು ಬಂದ ದಕ್ಷಿಣ ಆಫ್ರಿಕಾದ ಕಮಾಂಡೊಗಳಲ್ಲಿ ಇಬ್ಬರು ಸತ್ತರು, ಒಬ್ಬ ಸಿಕ್ಕಿಬಿದ್ದ. ಮರುವರ್ಷ ಅಮೆರಿಕ ಸರಕಾರ ಎದುರು ಪಕ್ಷವಾದ ಯೂನಿಟಾಕ್ಕೆ ಸ್ಟಿಂಗರ್ ಕ್ಷಿಪಣಿ ಕೊಟ್ಟಿತು. ಅಮೆರಿಕದ ಕಂಪೆನಿಯ ದುಡ್ಡು ಒಂದು ಕಡೆ, ಅಮೆರಿಕ ಸರಕಾರದ ಆಯುಧ ಇನ್ನೊಂದು ಕಡೆ, ನಡುವೆ ಕಮ್ಯೂನಿಸ್ಟ್ ಕಾವಲು! ‘ಅಮೆರಿಕ ತೈಲಕ್ಕಾಗಿ ಇಳಿಯಿತು’ ಎಂದು ಇಲ್ಲಿ ಬರೆಯಲು ಹೊರಟವರ ವಾಕ್ಯ ತಾನಾಗಿಯೇ ಮುರಿಯುತ್ತದೆ.

ಸುಡಾನಿಗೆ ಬಂದರೆ ಪೈಪಿನ ಮಾತು. ನಮ್ಮಲ್ಲಿ ‘ಕೊಳವೆಮಾರ್ಗ’ ಪತ್ರಿಕೆಯ ಪದ. ಊರಲ್ಲಿ ಎಲ್ಲರೂ ‘ಗೇಲ್ ಪೈಪ್’ ಅನ್ನುವವರೇ. ಮಕ್ಕಳಿಗೆ ‘ಪೈಪ್‌ಲೈನ್’ ಸಾಕು. ದಕ್ಷಿಣದ ಬಾವಿಗಳಿಂದ ಪೋರ್ಟ್ ಸುಡಾನಿಗೆ ಒಂದೂವರೆ ಸಾವಿರ ಕಿ.ಮೀ. ದಾಟುವ ಪೈಪ್‌ಲೈನು 1999ರಲ್ಲಿ ಶುರುವಾಯಿತು. ಪಾಲುದಾರರು: ಚೀನಾದ ಸಿಎನ್‌ಪಿಸಿ 40, ಮಲೇಷ್ಯಾದ ಪೆಟ್ರೊನಾಸ್ 30, ಕೆನಡಾದ ಟ್ಯಾಲಿಸ್ಮನ್ 25, ಸುಡಾನಿನ ಸರಕಾರಿ ಕಂಪೆನಿ 5 ಶೇಕಡಾ. ಹೆಗ್ಲಿಗ್ ಎಂಬಲ್ಲಿನ ಎಣ್ಣೆಕ್ಷೇತ್ರದ ವಿಮಾನಪಟ್ಟಿಯಿಂದ ಸರಕಾರದ ಯುದ್ಧ ಹೆಲಿಕಾಪ್ಟರುಗಳು ಹಾರುತ್ತಿದ್ದವೆಂದು ಕೆನಡಾ ಸರಕಾರ ಕಳಿಸಿದ ತಂಡವೇ 2000ದಲ್ಲಿ ವರದಿ ಮಾಡಿತು. ಟೀಕೆ ತಡೆಯಲಾರದೆ ಟ್ಯಾಲಿಸ್ಮನ್ ಹೊರಟಿತು. 2003ರಲ್ಲಿ ಆ 25 ಶೇಕಡಾ ಕೊಂಡದ್ದು ನಮ್ಮ ಒಎನ್‌ಜಿಸಿ ವಿದೇಶ್. ಪಾಠದಲ್ಲಿ ‘ವಿದೇಶಗಳು’ ಎಂದು ಬರೆಯುವಾಗ ನಾವೂ ಆ ಪದದೊಳಗೆ ಇದ್ದೇವೆಂಬುದು ನೆನಪಿರಲಿ.

ಪೈಪ್‌ಲೈನ್ ಕೆಡುವುದಕ್ಕೆ ಬಾಂಬೇ ಬೇಕೆಂದಿಲ್ಲ. ಈಗ ಬೇರೆ ದೇಶವಾದ, ಸುಡಾನಿನ ಮೂಲಕವೇ ಎಣ್ಣೆ ಕಳಿಸುವ ದಕ್ಷಿಣ ಸುಡಾನಿನ ‘ದಾರ್ ಬ್ಲೆಂಡ್’ ಎಣ್ಣೆಯಲ್ಲಿ ಮೇಣದಂಶ ಹೆಚ್ಚು. ಬಿಸಿ ಮಾಡಿ ತಳ್ಳುತ್ತಲೇ ಇರಬೇಕು, ನಿಂತರೆ ಚಳಿಗಾಲದ ತೆಂಗಿನೆಣ್ಣೆಯಂತೆ ಹೆಪ್ಪುಗಟ್ಟುತ್ತದೆ. ದಾರಿಯ ಪಂಪ್ ಸ್ಟೇಷನುಗಳಿಗೆ ಡೀಸೆಲ್ ಬೇಕು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದ ಮೇಲೆ ಡೀಸೆಲ್ ತಲುಪುವುದೇ ಕಷ್ಟವಾಯಿತು. 2024ರ ಫೆಬ್ರವರಿಯಲ್ಲಿ ಎಣ್ಣೆ ಹೆಪ್ಪುಗಟ್ಟಿ ಪೈಪ್ ಒಡೆಯಿತು. ಸುಡಾನಿನ ಯುದ್ಧದಲ್ಲಿ ಪಕ್ಷವೇ ಅಲ್ಲದ ದಕ್ಷಿಣ ಸುಡಾನಿನ ಸರಕಾರಕ್ಕೆ ಸಂಬಳ ಕೊಡಲು ದುಡ್ಡಿಲ್ಲದಾಯಿತು. ಇಂಥ ಕಡೆ ‘ಹಿತಾಸಕ್ತಿ’ ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ದಾರಿ’ ಎಂದರೆ ಎಲ್ಲ ಹೇಳಿದ ಹಾಗೆ.

ಆದ್ದರಿಂದ ‘ತೈಲ ಹಿತಾಸಕ್ತಿ’ಯನ್ನು ಒಡೆಯಿರಿ. ಬಾವಿಯಲ್ಲಿ ಬಂಡವಾಳ ಹಾಕಿದವನದ್ದು ಪಾಲು, ಕೊಳ್ಳುವವನದ್ದು ಅವಲಂಬನೆ, ಪೈಪಿನದ್ದು ದಾರಿ, ಸರಕಾರಕ್ಕೆ ಸೇರುವುದು ರಾಜಧನ ಮತ್ತು ತೆರಿಗೆ. ಯಾವ ವಾಕ್ಯಕ್ಕೆ ಯಾವುದೋ ಅದನ್ನೇ ಹಾಕಿ. ಒಟ್ಟಾಗಿ ಹೇಳಲೇಬೇಕಾದಲ್ಲಿ ಮಾತ್ರ ‘ಹಿತಾಸಕ್ತಿ’.

ಒಂದು ಎದುರು ಉದಾಹರಣೆಯೂ ಪಾಠದಲ್ಲಿರಲಿ. 1990ರ ದಶಕದ ಅಲ್ಜೀರಿಯಾದಲ್ಲಿ ಭೀಕರ ಅಂತರ್ಯುದ್ಧ. ಎಣ್ಣೆ, ಅನಿಲ ಬೇಕಾದಷ್ಟಿತ್ತು, ಕೊಳ್ಳುವ ಯೂರೋಪು ಸಮುದ್ರದಾಚೆಗೇ ಇತ್ತು. ಹೊರಗಿನ ಸೇನೆ ಬರಲಿಲ್ಲ. ಸರಕಾರ ದಕ್ಷಿಣದ ಮರುಭೂಮಿಯ ಬಾವಿಗಳ ಸುತ್ತ ಅನುಮತಿ ಇಲ್ಲದೆ ಯಾರೂ ಹೋಗಬಾರದ ವಲಯ ಮಾಡಿತು. ಅನಿಲ ಹರಿಯುತ್ತಲೇ ಇತ್ತು, ಯುದ್ಧದ ನಡುವೆಯೇ 1996ರಲ್ಲಿ ಸ್ಪೇನಿಗೆ ಹೊಸ ಪೈಪ್‌ಲೈನೂ ತೆರೆಯಿತು. ಹರಿವು ನಿಲ್ಲದಿದ್ದರೆ ಕೊಳ್ಳುವವರು ಬಾಯಿ ಬಿಡುವುದಿಲ್ಲ. ಅದಕ್ಕೆ ‘ಮಧ್ಯಪ್ರವೇಶ’ವೂ ಹೊಂದದು, ಮೌನಕ್ಕೆ ಮೌನವೆಂದೇ ಬರೆಯಿರಿ.

ಉತ್ತರ, ಅಕ್ಕಲಕೋಟೆಯಿಂದ

ನಮಸ್ಕಾರ್ರೀ. ಇಲ್ಲಿ ಮರಾಠಿ ಪತ್ರಿಕೆಗಳು ಅಂತರ್ಯುದ್ಧಕ್ಕೆ ‘ಯಾದವಿ’ ಅಂತ ಬರೀತಾವ. ಮೌಸಲ ಪರ್ವದಾಗ ಯಾದವರು ತಮ್ಮತಮ್ಮಲ್ಲೇ ಬಡಿದಾಡಿ ಸತ್ತದ್ದರಿಂದ ಬಂದ ಮಾತು. ‘ಯಾದವೀ ಕಲಹ’ ಕನ್ನಡಕ್ಕೂ ಹೊಸದಲ್ಲ. ಚಂದ ಅದ, ಆದರ ಈ ಪಾಠಕ್ಕ ಬ್ಯಾಡ. ಯಾದವರ ಕಥೀಯೊಳಗ ಹೊರಗಿನವರು ಯಾರೂ ಆಯುಧ ಕಳಿಸಲಿಲ್ಲ, ನಿಮ್ಮ ಪಾಠ ಇರೂದೇ ಹೊರಗಿನವರ ಬಗ್ಗೆ.

ಇನ್ನೊಂದು. ಮಂಜೇಶ್ವರದವರು ಲಾಗೋಸಿನ ಕ್ರಮಕ್ಕ ‘ದಿಗ್ಬಂಧನ’ ಅಂದದ್ದು ಸರಿ. ಆದರ ಪತ್ರಿಕೆಗಳು ‘ಆರ್ಥಿಕ ದಿಗ್ಬಂಧನ’ ಅಂತ ಬರೆಯೂದು ಬ್ಯಾರೇ ವಸ್ತು, ಅದು ವ್ಯಾಪಾರದ ನಿಷೇಧ; ಅದಕ್ಕ ‘ನಿರ್ಬಂಧ’ ಸಾಕು. ಹಡಗು, ಬಂದರು, ಬಾಗಿಲು ಕಣ್ಣಿಗೆ ಕಾಣೂ ಹಂಗ ಮುಚ್ಚಿದರ ಮಾತ್ರ ದಿಗ್ಬಂಧನ. ಲಿಬಿಯಾದಾಗ ಎರಡೂ ಸಿಗ್ತಾವ. 2020ರ ಜನವರಿಯೊಳಗ ಹಫ್ತರ್ ಪಕ್ಷದವರು ಬಂದರು ಮುಚ್ಚಿಸಿದ್ದು ದಿಗ್ಬಂಧನ: ದಿನಕ್ಕ ಸುಮಾರು 12 ಲಕ್ಷ ಬ್ಯಾರೆಲ್ ಇದ್ದ ಉತ್ಪಾದನೆ ಒಂದು ಲಕ್ಷದ ಕೆಳಗ ಬಿತ್ತು, ಸೆಪ್ಟೆಂಬರ್‌ತನಕ ಏಳಲಿಲ್ಲ. 2014ರ ಮಾರ್ಚಿನೊಳಗ ‘ಮಾರ್ನಿಂಗ್ ಗ್ಲೋರಿ’ ಅನ್ನೂ ಹಡಗು ಬಂಡಾಯಗಾರರ ಕೈಲಿದ್ದ ಬಂದರಿನಿಂದ ಎಣ್ಣೆ ತುಂಬಿಕೊಂಡು ಓಡಿತು, ಅಮೆರಿಕದ ನೌಕಾಪಡೆ ಸೈಪ್ರಸ್ ಹತ್ತಿರ ಹಿಡೀತು. ಆ ಬಳಿಕ ಭದ್ರತಾ ಮಂಡಳಿ 2146ನೇ ನಿರ್ಣಯದಿಂದ ಸರಕಾರದ ಒಪ್ಪಿಗೆ ಇಲ್ಲದ ರಫ್ತು ತಡೀತು. ಅದು ನಿರ್ಬಂಧ.

ಉತ್ತರ, ತಾಳವಾಡಿಯಿಂದ

ತಮಿಳಿನಲ್ಲಿ ಅಂತರ್ಯುದ್ಧ ‘ಉಳ್‌ನಾಟ್ಟುಪ್ ಪೋರ್’, ಇಂಟರ್ವೆನ್ಷನ್ ‘ತಲೈಯೀಡು’. ಎರಡನೆಯದು ನಮ್ಮ ‘ತಲೆಹಾಕು’ವಿನ ಅಣ್ಣತಮ್ಮ. ತಮಿಳಿನವರು ಅದನ್ನು ಗಂಭೀರ ವರದಿಯಲ್ಲೂ ಬಳಸುತ್ತಾರೆ. ಕನ್ನಡದಲ್ಲಿ ‘ತಲೆಹಾಕಬೇಡ’ ಮನೆಜಗಳದ ಮಾತಾಗಿಯೇ ಉಳಿದಿದೆ. ಮಕ್ಕಳಿಗೆ ಬಾಯಲ್ಲಿ ವಿವರಿಸುವಾಗ ಉಪಯೋಗಕ್ಕೆ ಬರುತ್ತದೆ.

‘ಫೋರ್ಸ್ ಮಜೂರ್’ಗೆ ‘ಕೈಮೀರಿದ ಸ್ಥಿತಿ’ ಆಗಬಹುದು. ‘ತುರ್ತು ಪರಿಸ್ಥಿತಿ’ ಖಂಡಿತ ಬೇಡ, ಅದು ಸರಕಾರ ಹೇರುವುದು. ಇದು ಗುತ್ತಿಗೆಯೊಳಗಿನ ಒಂದು ಕಲಮು. ‘ನಮ್ಮ ಕೈಯಲ್ಲಿಲ್ಲದ ಕಾರಣದಿಂದ ಮಾಲು ಕೊಡಲಾಗುತ್ತಿಲ್ಲ, ದಂಡ ಹಾಕಬೇಡಿ’ ಎಂದು ಕೊಡುವ ನೋಟಿಸು. ಗುತ್ತಿಗೆ ರದ್ದಾಗುವುದಿಲ್ಲ, ಬಾಧ್ಯತೆ ಅಷ್ಟು ಕಾಲ ತಡೆಯಲ್ಲಿರುತ್ತದೆ ಅಷ್ಟೆ. ಮೊಜಾಂಬಿಕಿನ ಪಾಲ್ಮಾ ಪಟ್ಟಣಕ್ಕೆ 2021ರ ಮಾರ್ಚಿನಲ್ಲಿ ಬಂಡುಕೋರರ ದಾಳಿಯಾದಾಗ ಟೊಟಾಲ್ ಕಂಪೆನಿ ಅಲ್ಲಿನ ತನ್ನ ಅನಿಲ ಯೋಜನೆಗೆ ಏಪ್ರಿಲ್‌ನಲ್ಲಿ ಇದನ್ನೇ ಘೋಷಿಸಿತು. ಆ ಯೋಜನೆಯಲ್ಲಿ ಭಾರತದ ಸರಕಾರಿ ಕಂಪೆನಿಗಳದ್ದು ಒಟ್ಟು 30 ಶೇಕಡಾ ಪಾಲು. ಸೇನೆ ಕಳಿಸಿದ್ದು ಮಾತ್ರ ರುವಾಂಡಾ, ಜುಲೈಯಲ್ಲಿ, ಸುಮಾರು ಸಾವಿರ ಜನ. ಪಾಲು ಒಬ್ಬರದ್ದು, ಕಾವಲು ಇನ್ನೊಬ್ಬರದ್ದು. ಅಂದ ಹಾಗೆ ಅಲ್ಲಿನದ್ದನ್ನು ‘ಬಂಡಾಯ’ ಎನ್ನುವುದೇ ಮೇಲು.

ಬ್ಯಾರೆಲ್ಲಿಗೆ ‘ಪೀಪಾಯಿ’ ಹಾಕಿದ್ದರೆ ಹತ್ತಿರದಲ್ಲೇ ಲೆಕ್ಕ ಬರೆಯಿರಿ: ಲೆಕ್ಕದ ಬ್ಯಾರೆಲ್ 159 ಲೀಟರು. ಮಕ್ಕಳು ಅಂಗಡಿಯಲ್ಲಿ ನೋಡುವ ಡ್ರಮ್ಮು 200 ಲೀಟರಿನದ್ದು.

ಮರುಪ್ರಶ್ನೆ, ಬದಿಯಡ್ಕದಿಂದ

ಎಲ್ಲರಿಗೂ ಧನ್ಯವಾದ. ಈಗ ಹೀಗೆ ಮಾಡಿದ್ದುಂಟು: ‘ತೈಲ, ಅನಿಲ ಹೆಚ್ಚಿರುವ ದೇಶದಲ್ಲಿ ಅಂತರ್ಯುದ್ಧವಾದರೆ ಹೊರದೇಶಗಳು ಮಧ್ಯಪ್ರವೇಶಿಸುವ ಸಂಭವ ಹೆಚ್ಚು. ಅವುಗಳ ಪಾಲು, ಅವಲಂಬನೆ ಅಥವಾ ಸಾಗಣೆಯ ದಾರಿ ಇದಕ್ಕೆ ಕಾರಣವಾಗಬಹುದು.’ ಟಿಪ್ಪಣಿಯಲ್ಲಿ ಸಿರಿಯಾದ ಬಗ್ಗೆ ಇರುವ ಚೌಕಟ್ಟಿನ ಪೆಟ್ಟಿಗೆಯಲ್ಲಿ ‘ಅಮೆರಿಕ ತೈಲಕ್ಕಾಗಿ ಸೈನಿಕರನ್ನು ಉಳಿಸಿಕೊಂಡಿತು’ ಎಂದುಂಟು. ಅದನ್ನೂ ತಿದ್ದಬೇಕಾ?

ಉತ್ತರ, ಮಂಜೇಶ್ವರದಿಂದ

ಮೊದಲ ವಾಕ್ಯದಲ್ಲಿ ‘ಹೊರದೇಶಗಳು’ ಎಂಬುದರ ಹಿಂದೆ ‘ಆಮದು ತೈಲವನ್ನು ನೆಚ್ಚಿಕೊಂಡ’ ಎಂದು ಸೇರಿಸಿ. ಇಲ್ಲದಿದ್ದರೆ ಲೆಕ್ಕಾಚಾರದ ಅರ್ಧ ಬಿಟ್ಟುಹೋಗುತ್ತದೆ.

ಸಿರಿಯಾದಲ್ಲಿ ತಿದ್ದುವುದು ಬೇಡ, ಉದ್ಧರಣ ಚಿಹ್ನೆ ಹಾಕಿ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪರೇ ತೈಲಕ್ಕಾಗಿ ಎಂದು ಬಾಯಿಬಿಟ್ಟು ಹೇಳಿದರು. ಅವರ ರಕ್ಷಣಾ ಇಲಾಖೆ, ಬಾವಿಗಳು ಐಸಿಸ್ ಕೈಗೆ ಹೋಗದಂತೆ ತಡೆಯಲು ಎಂದಿತು. ಸಿರಿಯಾದ್ದು ಯುದ್ಧಕ್ಕೆ ತುಸು ಮೊದಲೂ ದಿನಕ್ಕೆ ನಾಲ್ಕು ಲಕ್ಷ ಬ್ಯಾರೆಲ್ ಮುಟ್ಟದ ಉತ್ಪಾದನೆ, ಅಮೆರಿಕದ ಲೆಕ್ಕಕ್ಕೆ ಏನೂ ಅಲ್ಲ. ಆದರೂ ಆಡಿದವರೇ ‘ಕ್ಕಾಗಿ’ ಅಂದ ಮೇಲೆ ಅದನ್ನು ಅಳಿಸುವ ಹಕ್ಕು ಅನುವಾದಕರಿಗಿಲ್ಲ. ಎರಡು ಮಾತನ್ನೂ ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಇಡಿ.