ಒಂದು ಮೊಲೆಗೆ ಟ್ಯೂಬ್ ಹಾಕಿದರೆ ಉಳಿದ ಮೂರರ ಹಾಲು ಮಾರಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಹಸುವಿಗೆ ಕೆಚ್ಚಲು ಬಾವು. ಒಂದು ಮೊಲೆಗೆ ಆಂಟಿಬಯೋಟಿಕ್ ಟ್ಯೂಬ್ ಏರಿಸಿ, ಅದರ ಹಾಲು ಚೆಲ್ಲುತ್ತಿದ್ದೇವೆ. ಉಳಿದ ಮೂರರ ಹಾಲು ಚೆನ್ನಾಗಿಯೇ ಇದೆ. ಅದನ್ನು ಮಾರಬಹುದಲ್ವಾ? ಕಾಯಿಸಿದರೆ ಔಷಧ ಹೋಗುತ್ತೆ ಅಂತಾರೆ.

ಪಶುವೈದ್ಯರು: ದಯವಿಟ್ಟು ಬೇಡ. ಕೇಳಿದ್ದು ಒಳ್ಳೆಯದಾಯ್ತು, ತುಂಬ ಜನ ಇಲ್ಲೇ ತಪ್ಪುತ್ತಾರೆ. ಔಷಧ ಹಾಕಿದ ಜಾಗದಲ್ಲೇ ನಿಲ್ಲುವುದಿಲ್ಲ. ಸ್ವಲ್ಪ ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಬರುತ್ತದೆ. ನಾಲ್ಕರ ಹಾಲನ್ನೂ ಬೇರೆ ಇಡಿ. ಕಾಯಿಸಿದರೂ ಔಷಧ ಪೂರ್ತಿ ಹೋಗುವುದಿಲ್ಲ.

ಪೆನಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಕೋಡೆಕ್ಸ್, ಅಂದರೆ ಆಹಾರದ ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆ, ಇಟ್ಟಿರುವ ಮಿತಿ ಕಿಲೋ ಹಾಲಿಗೆ ಬರೀ 4 ಮೈಕ್ರೊಗ್ರಾಂ. ಅಂದರೆ ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ಪೆನಿಸಿಲಿನ್ ಅಲರ್ಜಿ ಇರುವವರಿಗೆ ತುಸು ಔಷಧವೂ ತೊಂದರೆ ಕೊಡಬಹುದು, ಅದಕ್ಕೇ ಇಷ್ಟು ಬಿಗಿ. ಔಷಧ ಬೆರೆತ ಹಾಲಿಗೆ ಹೆಪ್ಪು ಹಾಕಿ ನೋಡಿ, ಮೊಸರು ಮಾಡುವ ಬ್ಯಾಕ್ಟೀರಿಯಾ ಸೋತು, ಮರುದಿನವೂ ಹಾಲು ನೀರುನೀರಾಗಿಯೇ ಇರಬಹುದು. ಹಾಗಂತ ಹೆಪ್ಪುಗಟ್ಟಿದರೆ ಹಾಲು ಸರಿ ಇದೆ ಅಂತ ನಂಬಬೇಡಿ.

ಪ್ರಶ್ನೆ: ಹಾಗಾದ್ರೆ ಎಷ್ಟು ದಿನ ಕಾಯಬೇಕು? ಮಾಂಸಕ್ಕೂ ಇದೇ ಲೆಕ್ಕವಾ?

ಪಶುವೈದ್ಯರು: ಟ್ಯೂಬಿನ ಲೇಬಲ್ ಮೇಲೆ ವಿತ್‌ಡ್ರಾವಲ್ ಅವಧಿ, ಅಂದರೆ ಹಾಲು, ಮಾಂಸ ಬಳಸದೆ ಕಾಯಬೇಕಾದ ಅವಧಿ, ಇರುತ್ತದೆ. ಕೊನೆಯ ಡೋಸ್‌ನಿಂದ ಎಣಿಸಿ, ಮೊದಲನೆಯದರಿಂದ ಅಲ್ಲ. ಬಾವು ಇಳಿಯಲಿಲ್ಲ ಅಂತ ಸುಮ್ನೆ ಒಂದು ಟ್ಯೂಬ್ ಜಾಸ್ತಿ ಹಾಕಿದರೆ ಆ ಲೆಕ್ಕ ನಡೆಯುವುದಿಲ್ಲ. ನಿಮ್ಮ ವೈದ್ಯರನ್ನೇ ಕೇಳಿ.

ಮಾಂಸದ ಅವಧಿ ಬೇರೆ, ಸಾಮಾನ್ಯವಾಗಿ ಹಾಲಿಗಿಂತ ಉದ್ದ. ಔಷಧ ಎಲ್ಲ ಕಡೆ ಒಂದೇ ಸಮ ಉಳಿಯುವುದಿಲ್ಲ. ಅದಕ್ಕೇ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯೋಟಿಕ್‌ನ ಮಿತಿ ಕಿಲೋಗೆ ಮಾಂಸದಲ್ಲಿ 200, ಲಿವರ್‌ನಲ್ಲಿ 600, ಕಿಡ್ನಿಯಲ್ಲಿ 1200 ಮೈಕ್ರೊಗ್ರಾಂ. ಒಬ್ಬರು ದಿನಾ 300 ಗ್ರಾಂ ಮಾಂಸ, ಒಂದೂವರೆ ಲೀಟರ್ ಹಾಲು, 100 ಗ್ರಾಂ ಮೊಟ್ಟೆ, ಜೊತೆಗೆ ಲಿವರ್, ಕಿಡ್ನಿ, ಕೊಬ್ಬು ತಿಂದರೂ ತೊಂದರೆ ಆಗಬಾರದು ಅಂತ ಲೆಕ್ಕ ಹಾಕಿಯೇ ಇಂಥ ಮಿತಿ ಇಡುವುದು. ಆದರೆ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್‌ಗೆ ಇಂಥ ಸುರಕ್ಷಿತ ಮಿತಿಯೇ ಇಲ್ಲ. ಅಪರೂಪಕ್ಕೆ ಅದು ಮನುಷ್ಯನ ಮೂಳೆಮಜ್ಜೆಯಲ್ಲಿ ರಕ್ತ ಹುಟ್ಟುವುದನ್ನೇ ನಿಲ್ಲಿಸುತ್ತದೆ. ಇಷ್ಟಾದರೆ ಪರವಾಗಿಲ್ಲ ಅನ್ನುವಂತೆಯೇ ಇಲ್ಲ.

ಪ್ರಶ್ನೆ: ಚೆಲ್ಲೋಕೆ ಮನಸ್ಸು ಬರ್ತಿಲ್ಲ. ಕರುವಿಗೆ ಕುಡಿಸಲಾ?

ಪಶುವೈದ್ಯರು: ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೂ ಬೇಡ. ಕರುವಿನ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಇವತ್ತೇ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿ. ಟ್ಯೂಬ್ ಹಾಕಿದ ದಿನ, ಹೊತ್ತು ಗೋಡೆ ಮೇಲೆ ಬರೆಯಿರಿ. ನೀವಿಲ್ಲದಾಗ ಬೇರೆಯವರು ಹಾಲು ಕರೆಯಲು ಕೂತರೂ ಗೊತ್ತಾಗುತ್ತದೆ.