ಅಪ್‌ಡೇಟ್: ಹುಲ್ಲು ಸವರುವ ಮಷಿನ್ ಸ್ಟಾರ್ಟ್ ಆಯ್ತು

ಶಿರಸಿ ಮಳೆಗಾಲ ಮುಗಿದ ಮೇಲೆ ತೋಟದ ವೀಡ್ ಕಟರ್ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗ್ತಿಲ್ಲ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ನೀವು ಹೇಳಿದ ಹಾಗೆ, ಇಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಕಿಡಿ ಬರ್ತಿತ್ತು, ಆದರೆ ತುದಿ ಪೂರ್ತಿ ಒಣಗಿತ್ತು. ಅಂದ್ರೆ ಪೆಟ್ರೋಲೇ ಒಳಗೆ ಹೋಗ್ತಿಲ್ಲ ಅಲ್ವಾ? ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬುರೇಟರ್ ಬಿಚ್ಚಿ ನೋಡಿದರೆ, ಮೇ ತಿಂಗಳಲ್ಲಿ ಉಳಿದ ಪೆಟ್ರೋಲ್ ಜೋನಿಬೆಲ್ಲದ ಹಾಗೆ ಅಂಟಿಕೊಂಡಿತ್ತು! ಟ್ಯಾಂಕಿನೊಳಗಿನ ಪುಟ್ಟ ಫಿಲ್ಟರ್ ಕೂಡ ಕಟ್ಟಿತ್ತು. ಅದನ್ನು ಬದಲಿಸಿದೆ, ಕಾರ್ಬುರೇಟರ್ ತೊಳೆದೆ. ನನ್ನ ಮಷಿನ್‌ಗೆ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ (50:1) ಅಳತೆ, ಹಾಗಾಗಿ ಹೊಸ ಪೆಟ್ರೋಲ್ ಲೀಟರಿಗೆ 20 ಎಂಎಲ್ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ ಆಯಿಲ್) ಬೆರೆಸಿ ಹಾಕಿದೆ. ಮೂರನೇ ಎಳೆತಕ್ಕೆ ಬುರ್ರೆಂದಿತು.

ರಿಪೇರಿಯವನೊಬ್ಬ ‘ಇಂಜಿನ್ನೇ ಹೋಗಿದೆ’ ಎಂದು ಸುಮ್ನೆ ಹೆದರಿಸಿದ್ದ. ಅಡಿಕೆ ಕೊನೆ ಕೊಯ್ಲಿಗೆ ಮೊದಲು ತೋಟ ಸವರಿ ಆಯ್ತು, ತೋಟಕ್ಕೆ ಸೊಪ್ಪು ತರುವ ಬೆಟ್ಟ ಬಾಕಿ.