ಬ್ರೆಜಿಲ್ ಹಾಡಲ್ಲಿ ದೂರದಿಂದ್ಲೇ ನೋಡೋ ಪ್ರೀತಿ

ಪ್ರಶ್ನೆ: 'ಗರೋಟಾ ಜಿ ಇಪನೇಮಾ' (ಅದೇ, 'ದ ಗರ್ಲ್ ಫ್ರಮ್ ಇಪನೇಮಾ', ಇಪನೇಮಾದ ಹುಡುಗಿ) ಹಾಡನ್ನ ಇಷ್ಟು ದಿನ ಇಂಗ್ಲಿಷಲ್ಲೇ ಕೇಳ್ತಿದ್ದೆ, ಈಗ ಪೋರ್ಚುಗೀಸ್‌ದು ಕೇಳಿದ್ರೆ ಮೂಡೇ ಬೇರೆ ಅನ್ಸ್ತಿದೆ. ನನಗೊಬ್ಬನಿಗೇನಾ? ಇದೇ ಥರದ್ದು ಬೇರೆ ಇದ್ರೆ ಹೇಳ್ರಪ್ಪ.

ಉತ್ತರ 1: ಬೇರೇನೇ ಗುರು. ಇಂಗ್ಲಿಷಲ್ಲಿ ಹಾದು ಹೋಗೋ ಹುಡುಗಿ ತನ್ನನ್ನೇ ನೋಡ್ತಿರೋ ಇವನ ಕಡೆ ತಿರುಗೂ ನೋಡಲ್ಲ ಅನ್ನೋದೇ ಗೋಳು, ಆದ್ರೆ ಪೋರ್ಚುಗೀಸಲ್ಲಿ ಕವಿ ವಿನೀಸಿಯುಸ್ ಜಿ ಮೊರಾಯಿಸ್ ಬರ್ದಿರೋದ್ರಲ್ಲಿ ಆ ಚೆಲುವು ನನ್ನೊಬ್ಬನದಲ್ಲ, ಅದೂ ಒಂಟಿಯಾಗೇ ಹೋಗ್ತಿದೆ ಅಂತಾನೆ, ಅಂದ್ರೆ ನೋಡೋನೂ ಒಂಟಿ ಹೋಗೋಳೂ ಒಂಟಿ, ನಂಗಂತೂ ಅಲ್ಲೇ ಕರುಳು ಚುರ್ ಅನ್ನುತ್ತೆ. 1962ರದ್ದು, ಟ್ಯೂನ್ ಟಾಮ್ ಜೋಬಿಂದು. ರಿಯೋದ ವೆಲೋಜೊ ಬಾರ್ ಮುಂದೆ ಹಾದು ಹೋಗ್ತಿದ್ದ ಹುಡುಗಿ ಮೇಲೆ. ಬಾರಿಗೆ ಈಗ ಹಾಡಿನ ಹೆಸ್ರೇ, ರಸ್ತೆಗೆ ಕವಿ ಹೆಸ್ರು!

ಉತ್ತರ 2: ಬಾರಲ್ಲೇ ಕೂತು ಬರ್ದ್ರು ಅಂತ ಎಲ್ರೂ ಹೇಳ್ತಾರೆ, ಸುಳ್ಳು ಕಣ್ರೀ. ಸಾಹಿತ್ಯ ಬರ್ದಿದ್ದು ರಿಯೋ ಹತ್ರದ ಪೆಟ್ರೋಪೊಲಿಸ್ ಊರಲ್ಲಿ.

ಉತ್ತರ 3: ಬ್ರೆಜಿಲ್ ಗಾಯಕ ಶಿಕು ಬುವಾರ್ಕಿದು 'ಜನುವಾರಿಯಾ' ಕೇಳಿ, ಅದು ಹುಡುಗಿ ಹೆಸ್ರು. ಕಿಟಕೀಲಿರೋ ಅವಳನ್ನ ಊರೆಲ್ಲಾ ನೋಡುತ್ತೆ, ಸಮುದ್ರ ಕೂಡ ಇನ್ನೂ ಹತ್ರ ಬರೋಣ ಅಂತ ಉಬ್ಬರ ಏರುತ್ತೆ, ಅವಳು ಮಾತ್ರ ಕ್ಯಾರೇ ಅನ್ನಲ್ಲ.

ಪ್ರಶ್ನೆ ಕೇಳಿದವರು: ಸಮುದ್ರನೂ ಲೈನ್ ಹೊಡಿಯುತ್ತಾ 😄 ಈಗ್ಲೇ ಹಾಕ್ತೀನಿ